ಕಸ ತಿನ್ನುವ ಹುಳಕ್ಕೆ ಎಂಥ ಕಸ ಹಾಕಬೇಕು?

ಬೆಂಗಳೂರಿನಲ್ಲಿ ಮನೆಯಲ್ಲೇ ಕಾಂಪೋಸ್ಟ್ ಮಾಡುವವರನ್ನು ಕೇಳಿ ನೋಡಿ. ಮುಚ್ಚಳ ತೆಗೆದಾಗ ದಪ್ಪ ದಪ್ಪ ಹುಳುಗಳು ಗಿಜಿಗುಡುವುದನ್ನು ಕಂಡು ಬೆಚ್ಚಿದವರೇ ಜಾಸ್ತಿ. ಕೆಲವರಂತೂ ಅವತ್ತೇ ಡಬ್ಬಿಯನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಪಾಪ, ಹುಳದ ತಪ್ಪೇನೂ ಇಲ್ಲ. ಎಷ್ಟೋ ಸಲ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ. ಅವು ಬೀಡುಬಿಟ್ಟ ಕಡೆ ಮನೆನೊಣ ಮೊಟ್ಟೆ ಇಡುವುದೂ ಕಡಿಮೆ.

ಮೂಲತಃ ಅಮೆರಿಕ ಖಂಡದ್ದಾದ ಈ ನೊಣ ಈಗ ಬೆಚ್ಚಗಿನ ದೇಶಗಳಲ್ಲೆಲ್ಲ ಇದೆ. ನೋಡಲು ಕಣಜದ ಹಾಗಿದೆ, ಆದರೆ ಮುಳ್ಳಿಲ್ಲ. ರೆಕ್ಕೆ ಬಂದ ಮೇಲೆ ಹೆಚ್ಚುಕಡಿಮೆ ಉಪವಾಸವೇ. ನೀರು ಸಿಕ್ಕರೆ ಕುಡಿದುಕೊಂಡು, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಂಡು ಒಂದು ವಾರ ಬದುಕುತ್ತದೆ. ಜೋಡಿಯಾಗಿ, 400ರಿಂದ 800 ಮೊಟ್ಟೆ ಇಟ್ಟು ಸಾಯುತ್ತದೆ. ಅದನ್ನೂ ಕಸದ ಮೇಲೆ ಇಡುವುದಿಲ್ಲ, ಪಕ್ಕದ ಒಣ ಸಂದಿಯಲ್ಲಿ ಇಡುತ್ತದೆ. ಅಂದರೆ ಇಡೀ ಜನ್ಮದ ಊಟ ಮುಗಿಯಬೇಕಾದದ್ದು ಮರಿಹುಳುವಾಗಿದ್ದಾಗ, ಎರಡು-ಮೂರು ವಾರಗಳಲ್ಲಿ. ಅದಕ್ಕೇ ಆ ಪರಿ ಹಸಿವು.

ಅಮೆರಿಕದ ಜಾರ್ಜಿಯಾದಲ್ಲಿ ಕ್ರೇಗ್ ಶೆಪರ್ಡ್ ಎಂಬ ಕೀಟ ವಿಜ್ಞಾನಿ ಈ ಹಸಿವನ್ನು ಕೋಳಿಗೂಡಿನ ಕೆಳಗೆ ಬೀಳುವ ಹಿಕ್ಕೆ ಕರಗಿಸಲು ದುಡಿಸಿಕೊಂಡರು. 1994ರಲ್ಲಿ ಪ್ರಕಟವಾದ ಅವರ ಮತ್ತು ಸಂಗಡಿಗರ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಕೊಯ್ಲಿನ ಉಪಾಯ. ಬೆಳವಣಿಗೆ ಮುಗಿಸಿದ ಹುಳು ಕಂದು ಬಣ್ಣಕ್ಕೆ ತಿರುಗಿ, ತಿನ್ನುವುದನ್ನು ಬಿಟ್ಟು, ಒಣ ಜಾಗ ಹುಡುಕಿಕೊಂಡು ಹೊರಡುತ್ತದೆ. ಬಾಯಿಯೇ ಆಗ ಕೊಕ್ಕೆಯಾಗಿ ನೆಲಕ್ಕೆ ಊರಿಕೊಂಡು ತೆವಳಲು ನೆರವಾಗುತ್ತದೆ. ಗೊಬ್ಬರದ ಗುಂಡಿಗೆ ಒಂದು ಇಳಿಜಾರು ಗೋಡೆ ಕಟ್ಟಿದರೆ ಸಾಕು, ಹುಳುಗಳು ತಾವೇ ಹತ್ತಿ ಬಂದು ಡಬ್ಬಕ್ಕೆ ಬೀಳುತ್ತವೆ. ಆರಿಸುವ ಕೂಲಿಯೂ ಉಳಿಯಿತು.

ನೊಣ ಸಾಕುವುದು ಮಾತ್ರ ಇಷ್ಟು ಸಲೀಸಲ್ಲ. ಒಳ್ಳೆಯ ಬೆಳಕಿಲ್ಲದಿದ್ದರೆ ಇವು ಸರಿಯಾಗಿ ಜೋಡಿಯಾಗುವುದೇ ಇಲ್ಲ. ಕೋಶದಿಂದ ಹೊರಬಂದ ನೊಣಗಳನ್ನು ಮೊದಲು ಕತ್ತಲ ಪಂಜರದಲ್ಲಿ ಕೂಡಿಟ್ಟು, ಆಮೇಲೆ ಒಟ್ಟಿಗೆ ಬೆಳಕಿನ ಪಂಜರಕ್ಕೆ ಬಿಡುವ ಪದ್ಧತಿ ಇದೆ. ಮೊಟ್ಟೆ ಇಡಲು ಮರದ ಪಟ್ಟಿಗಳ ನಡುವೆ ಸಣ್ಣ ಸಂದಿ ಬಿಟ್ಟು ಕಟ್ಟಿಡುತ್ತಾರೆ.

ಇಂಡೊನೇಷ್ಯಾದ ಸುರಬಾಯ ಸೀಮೆಯಲ್ಲಿ ಸ್ವಿಟ್ಜರ್ಲೆಂಡಿನ ಈವಾಗ್ (Eawag) ಎಂಬ ಜಲ ಸಂಶೋಧನಾ ಸಂಸ್ಥೆಯವರು ಸ್ಥಳೀಯರ ಜೊತೆ ಸೇರಿ ಈ ಕೆಲಸಕ್ಕೆ ಒಂದು ಲೆಕ್ಕ ಕೂಡಿಸಿದರು. 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಒಂದು ಪ್ಲಾಸ್ಟಿಕ್ ಟ್ರೇ. ಅದಕ್ಕೆ ಐದು ದಿನದ 10,000 ಮರಿಹುಳು. ಹನ್ನೆರಡು ದಿನಗಳಲ್ಲಿ ಮೂರು ಕಂತಾಗಿ 15 ಕೆಜಿ ಹಸಿ ಕಸ. ಕಸವನ್ನು ಮೊದಲೇ ಸಣ್ಣಗೆ ಕತ್ತರಿಸಬೇಕು, ಏಕೆಂದರೆ ಈ ಹುಳುವಿಗೆ ಕಚ್ಚಿ ತುಂಡು ಮಾಡುವ ಬಾಯಿ ಇಲ್ಲ. ನೀರು ಜಾಸ್ತಿಯಿದ್ದರೆ ಹಿಂಡಿ ತೆಗೆಯಬೇಕು. ಪೂರ್ತಿ ಬೆಳೆದ ಹುಳು ಸುಮಾರು 0.2 ಗ್ರಾಂ ತೂಗುತ್ತದೆ, ಎಲ್ಲ ಬದುಕಿದರೆ ಒಂದು ಟ್ರೇಯಿಂದ ಹತ್ತಿರ ಹತ್ತಿರ 2 ಕೆಜಿ. ಕಸದ ತೂಕ ಅರ್ಧಕ್ಕಿಂತ ಎಷ್ಟೋ ಕಡಿಮೆಗೆ ಇಳಿದಿರುತ್ತದೆ. ತಮಾಷೆ ಏನೆಂದರೆ, ಮೊದಲ ಐದು ದಿನ ಆ ಮರಿಗಳಿಗೆ ಕೊಡುವುದು ಕೋಳಿ ಫೀಡು!

ಒಣಗಿಸಿದ ಹುಳದಲ್ಲಿ ಸುಮಾರು 40% ಪ್ರೋಟೀನು, 30% ಕೊಬ್ಬು. ಆ ಕೊಬ್ಬಿನಲ್ಲಿ ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲವೇ ಮುಖ್ಯ. ಕೋಳಿಗೂ ಮೀನಿಗೂ ಒಳ್ಳೆಯ ಮೇವು. ನಮ್ಮ ಕರಾವಳಿಯಲ್ಲಿ ಬೂತಾಯಿಯಂಥ ಮೀನನ್ನು ಹಿಟ್ಟು ಮಾಡಿ ಮೇವಿಗೆ ಕಳಿಸುವ ಕಾರ್ಖಾನೆಗಳಿವೆ. ಆ ಹಿಟ್ಟಿನ ಒಂದು ಪಾಲಿನ ಬದಲು ಹುಳದ ಹಿಟ್ಟು ಬಳಸಬಹುದು.

ಹಾಗಾದರೆ ಊರ ಕಸವನ್ನೆಲ್ಲ ಇವುಗಳ ಬಾಯಿಗೆ ಹಾಕಿದರಾಯಿತು, ಅಲ್ವಾ? ಅಲ್ಲೇ ಇರುವುದು ತೊಡಕು. ಯುರೋಪಿಯನ್ ಒಕ್ಕೂಟ ಹುಳದ ಪ್ರೋಟೀನನ್ನು 2017ರಲ್ಲಿ ಸಾಕುಮೀನಿಗೆ, 2021ರಲ್ಲಿ ಕೋಳಿ, ಹಂದಿಗಳಿಗೆ ಕೊಡಲು ಒಪ್ಪಿತು. ಆದರೆ ಹುಳಕ್ಕೆ ಹೋಟೆಲಿನ ಉಳಿಕೆ, ಸಗಣಿ, ಕೋಳಿಗೊಬ್ಬರ ಹಾಕುವಂತಿಲ್ಲ. ಮಾಂಸ, ಮೂಳೆಯ ಪುಡಿ ತಿಂದ ದನಗಳಿಗೆ ಹುಚ್ಚುದನದ ಕಾಯಿಲೆ ಬಂದು ಬ್ರಿಟನ್ ಪಟ್ಟ ಪಾಡನ್ನು ಅವರು ಮರೆತಿಲ್ಲ. ಆ ಎಚ್ಚರ ನನಗೂ ಸರಿಯೆನಿಸುತ್ತದೆ. ಆದರೆ ಪರಿಣಾಮ ನೋಡಿ. ಹುಳಕ್ಕೆ ಶುಚಿಯಾದ ಹೊಟ್ಟು, ಧಾನ್ಯದ ಉಳಿಕೆ ತರಬೇಕು. ಅದನ್ನು ನೇರವಾಗಿ ಕೋಳಿ, ಹಂದಿಯೇ ತಿನ್ನಬಹುದಿತ್ತು. ನಡುವೆ ಒಂದು ಹುಳ ಸಾಕಿ ಲಾಭ ಮಾಡುವುದು ಕಷ್ಟ. ಬೇರೆ ಯಾರಿಗೂ ಬೇಡದ್ದನ್ನು ತಿಂದಾಗಲೇ ಹುಳಕ್ಕೆ ಬೆಲೆ. ಹಾಗಾಗಿ ಇದನ್ನು ಮೇವಿನ ಉದ್ಯಮ ಎನ್ನುವುದಕ್ಕಿಂತ ಕಸ ವಿಲೇವಾರಿ ಎಂದುಕೊಳ್ಳುವುದೇ ಲೇಸು. ಖರ್ಚಿನ ಒಂದು ಪಾಲು ಕಸ ಕೊಡುವವರಿಂದ ಬರಬೇಕು.

ಅದಕ್ಕೂ ಕಸ ಬೇರೆ ಬೇರೆಯಾಗಿಯೇ ಬರಬೇಕು. ಪ್ಲಾಸ್ಟಿಕ್ ಚೂರನ್ನು ಹುಳು ಮುಟ್ಟದೆ ಬಿಟ್ಟರೂ ಅದು ಕೊನೆಗೆ ಗೊಬ್ಬರದಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂನಂಥ ಲೋಹವಂತೂ ಹುಳದ ಮೈಯಲ್ಲೇ ಸೇರಿಕೊಳ್ಳುತ್ತದೆ. ಅಂಥ ಹುಳುವನ್ನು ಕೋಳಿಗೆ ಹಾಕುವಂತಿಲ್ಲ.

ಟ್ರೇಯಲ್ಲಿ ಕೊನೆಗೆ ಉಳಿಯುವುದು ಹಿಕ್ಕೆ, ಕಳಚಿದ ಸಿಪ್ಪೆ, ತಿನ್ನದೆ ಬಿಟ್ಟ ನಾರು. ಹುಡಿಹುಡಿಯಾಗಿದ್ದು ಗೊಬ್ಬರದ ಹಾಗೇ ಕಾಣುತ್ತದೆ. ಆದರೆ ಹನ್ನೆರಡು ದಿನಕ್ಕೆ ಅದು ಪೂರ್ತಿ ಕಳಿತಿರುವುದಿಲ್ಲ, ಅಮೋನಿಯಾದ ವಾಸನೆಯೂ ಇರಬಹುದು. ಹಾಗೇ ಗಿಡದ ಬುಡಕ್ಕೆ ಸುರಿದರೆ ಎಳೆ ಸಸಿ ಸೊರಗೀತು. ಕೆಲವು ವಾರ ಗುಡ್ಡೆ ಹಾಕಿ ಕಳಿಯಲು ಬಿಟ್ಟು, ಇಲ್ಲವೇ ಎರೆಹುಳಕ್ಕೆ ತಿನ್ನಿಸಿ, ಆಮೇಲೆ ಹೊಲಕ್ಕೆ ಹಾಕುವುದು ಒಳ್ಳೆಯದು.