ಕೆಪಿಎಂಇ ಇನ್‌ಸ್ಪೆಕ್ಷನ್‌ಗೆ ಬಂದವರು ಏನು ನೋಡುತ್ತಾರೆ?

ಪ್ರಶ್ನೆ: ತಾಲೂಕು ಕೇಂದ್ರದಲ್ಲಿ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ನಾನು, ಒಬ್ಬರು ಸಿಸ್ಟರ್, ಒಬ್ಬರು ಆಯಾ, ಅಷ್ಟೇ. ಕೆಪಿಎಂಇ ನೋಂದಣಿಯ ರಿನ್ಯೂವಲ್ ಹತ್ತಿರ ಬಂದಿದೆ. ತಪಾಸಣೆಗೆ ಹೇಗೆ ತಯಾರಾಗಬೇಕು?

ಡಾಕ್ಟ್ರೇ, ಮೊದಲು ಕಾಗದಪತ್ರದ ವಿಷಯ ಮುಗಿಸಿಬಿಡೋಣ. ನಿಮ್ಮ ನೋಂದಣಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ಅಂದರೆ ಕೆಪಿಎಂಇಯ, ಕೆಳಗೆ ಬರುತ್ತದೆ. ಅದರ ಅವಧಿ 5 ವರ್ಷ. ನೋಂದಣಿ ಕೊಡುವ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ನೋಂದಣಿ ಪತ್ರ ಮತ್ತು ದರಪಟ್ಟಿಯನ್ನು ಒಳಗೆ ಬಂದವರ ಕಣ್ಣಿಗೆ ಬೀಳುವ ಹಾಗೆ ಹಾಕಿ. ಸುಮ್ನೆ ಫೈಲಿನಲ್ಲಿಟ್ಟರೆ ಸಾಲದು. ದರಪಟ್ಟಿ ಕನ್ನಡದಲ್ಲಿ ಇರಲಿ, ಓದುವವರು ನಿಮ್ಮ ರೋಗಿಗಳೇ ಅಲ್ವಾ?

ಸಣ್ಣ ಕ್ಲಿನಿಕ್‌ಗಳು ಜಾಸ್ತಿ ಎಡವುವುದು ಕಾಗದದಲ್ಲಲ್ಲ, ಕಸದಲ್ಲಿ ಅಂತ ನನಗೆ ಅನಿಸುತ್ತದೆ. ಫೈಲ್ ಸರಿಮಾಡಲು ಒಂದು ರಾತ್ರಿ ಸಾಕು. ಕೈಯ ಅಭ್ಯಾಸ ಒಂದು ರಾತ್ರಿಯಲ್ಲಿ ಬದಲಾಗುವುದಿಲ್ಲ.

ಒಂದೇ ಒಂದು ಇಂಜೆಕ್ಷನ್ ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಿ. ಸಿರಿಂಜ್ ಸುತ್ತಿದ್ದ ಕವರ್ ಮಾಮೂಲಿ ಒಣಕಸ. ಔಷಧಿ ಇದ್ದ, ಒಡೆದ ಗಾಜಿನ ಆಂಪೂಲ್ ನೀಲಿ ಬುಟ್ಟಿಗೆ. ರಕ್ತ ಹತ್ತಿದ ಹತ್ತಿ ಹಳದಿಗೆ. ಕಟರ್‌ನಲ್ಲಿ ಕತ್ತರಿಸಿದ ಸೂಜಿ ಚುಚ್ಚಿ ಹೊರಬರದ ಬಿಳಿ ಡಬ್ಬಕ್ಕೆ, ಉಳಿದ ಪ್ಲಾಸ್ಟಿಕ್ ಸಿರಿಂಜ್ ಕೆಂಪಿಗೆ. ಒಂದು ನಿಮಿಷದ ಕೆಲಸಕ್ಕೆ ಐದು ಜಾಗ! ಬುಟ್ಟಿಗಳು ಕೈಗೆಟಕುವಲ್ಲಿ ಇಲ್ಲದಿದ್ದರೆ ಒಪಿಡಿ ತುಂಬಿದ ಹೊತ್ತಿನಲ್ಲಿ ಎಲ್ಲವೂ ಹತ್ತಿರದ ಒಂದೇ ಬುಟ್ಟಿಗೆ ಬೀಳುತ್ತದೆ. ಅದು ಸಿಸ್ಟರ್ ತಪ್ಪಲ್ಲ, ಬುಟ್ಟಿ ಇಟ್ಟ ಜಾಗದ ತಪ್ಪು. ಬುಟ್ಟಿಗಳನ್ನು ಇಂಜೆಕ್ಷನ್ ಟೇಬಲ್ ಪಕ್ಕಕ್ಕೇ ತನ್ನಿ. ಯಾವುದಕ್ಕೆ ಏನು ಅಂತ ಕನ್ನಡದಲ್ಲಿ, ಚಿತ್ರದ ಜೊತೆ ಮೇಲೆ ಅಂಟಿಸಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ತಪ್ಪಾದ ಚೀಲಕ್ಕೆ ಬಿದ್ದ ಸೂಜಿ ಚುಚ್ಚುವುದು ನಿಮಗಲ್ಲ, ಇನ್‌ಸ್ಪೆಕ್ಟರ್‌ಗೂ ಅಲ್ಲ. ಚೀಲ ಎತ್ತುವ ಆಯಾಗೆ. ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ನಿಮ್ಮ ಆಯಾಗೆ ಆಗಿದೆಯಾ? ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಆದ್ದರಿಂದ ಈ ವಾರವೇ ಶುರು ಮಾಡಿಸಿ, ದಿನಾಂಕ ಬರೆದಿಡಿ.

ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಕಸ ಒಯ್ಯುವ ಗಾಡಿ ಹೊತ್ತಿಗೆ ಸರಿಯಾಗಿ ಬರದಿದ್ದರೆ ಫೋನಿನಲ್ಲಿ ಬೈದು ಸುಮ್ಮನಾಗಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ತಿಳಿಸುವ ಹೊಣೆ ನಿಮ್ಮದೇ. ಮಂಡಳಿಗೆ ಕಸದ ವಾರ್ಷಿಕ ವರದಿ ಕೊಡಲು ಜೂನ್ 30 ಕೊನೆಯ ದಿನ. ಇದನ್ನು ಮರೆಯುವವರು ಬಹಳ.

ಇನ್ನು ಎಮರ್ಜೆನ್ಸಿ ಟ್ರೇ. ಅಡ್ರಿನಲಿನ್ ಇದೆ ಅಂತ ಹೇಳಬೇಡಿ, ಹೊರಗೆ ತೆಗೆದು ಎಕ್ಸ್‌ಪೈರಿ ತಾರೀಖು ಓದಿ. ಆಕ್ಸಿಜನ್ ಸಿಲಿಂಡರ್ ಇದ್ದರೆ ಅದರ ಕೀ ಎಲ್ಲಿದೆ ಅಂತ ಸಿಸ್ಟರ್‌ನ್ನು ಕೇಳಿ. ಅವರೇ ತೆರೆದು ತೋರಿಸಲಿ. ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗಿರಬೇಕು. ದಿನಕ್ಕೆರಡು ಸಲ ತಾಪಮಾನ ಬರೆಯುವ ಪುಸ್ತಕ ಅದರ ಮೇಲೇ ಇರಲಿ. ತಿಂಗಳ ಲೆಕ್ಕವನ್ನು ಒಂದೇ ಪೆನ್ನಿನಲ್ಲಿ ಒಂದೇ ದಿನ ಕೂತು ತುಂಬಿಸಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ಲಸಿಕೆ ಯಾವುದೋ ಮಗುವಿಗೆ ಹೋಗಿರುತ್ತದೆ.

ಒಳರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದರೆ ಅವರ ದಾಖಲೆ 3 ವರ್ಷ ಇರಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸ್ಕ್ಯಾನಿಂಗ್ ಯಂತ್ರ ಇದ್ದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿಯೇ ಬೇರೆ. ಅಲ್ಲಿ ಗರ್ಭಿಣಿಯ ಸ್ಕ್ಯಾನಿಂಗ್‌ಗೆ ತುಂಬುವ ಫಾರಂ ಎಫ್‌ನ ಒಂದು ಕಾಲಂ ಖಾಲಿ ಬಿಟ್ಟರೂ ಕಷ್ಟ.

ತಪಾಸಣೆಯ ದಿನ ಸಿಸ್ಟರ್‌ಗೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಹೇಳಲು ಹೋಗಬೇಡಿ. ಅವರಿಗೆ ಗೊತ್ತಿದೆಯಾ ಅಂತ ನೋಡಲೆಂದೇ ಕೇಳಿರುತ್ತಾರೆ. ಏನಾದರೂ ಕೊರತೆ ಕಂಡರೆ ವಾದ ಬೇಡ. ಬರಹದಲ್ಲಿ ಪಡೆದುಕೊಳ್ಳಿ, ಯಾವಾಗ ಸರಿಮಾಡುತ್ತೀರಿ ಅಂತ ನೀವೂ ಬರಹದಲ್ಲೇ ಕೊಡಿ, ಸರಿಮಾಡಿದ ಮೇಲೆ ಫೋಟೋ ಸಮೇತ ಡಿಎಚ್‌ಒ ಕಚೇರಿಗೆ ಕಳಿಸಿ ಸ್ವೀಕೃತಿ ತೆಗೆದುಕೊಳ್ಳಿ.