ಕೊಲಂಬಸ್ ಹೋಗಿ ಕವಿ ಬಂದ ಚೌಕ

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿರುವ ಸೇಂಟ್ ಲೂಸಿಯಾ ಸುಮಾರು 617 ಚದರ ಕಿಲೋಮೀಟರ್ ವಿಸ್ತಾರದ, ಎರಡು ಲಕ್ಷವನ್ನೂ ಮುಟ್ಟದ ಜನಸಂಖ್ಯೆಯ ದ್ವೀಪರಾಷ್ಟ್ರ. ಅದರ ರಾಜಧಾನಿ ಕ್ಯಾಸ್ಟ್ರೀಸಿನ ನಡುವೆ, ದೊಡ್ಡ ಚರ್ಚಿನ ಎದುರಿಗೆ, ಒಂದು ಚೌಕವಿದೆ. ಬೆಂಗಳೂರಿನ ಹಳೆಯ ರಸ್ತೆಗಳಿಗೆ ನೆರಳು ಕೊಡುವ ಮಳೆಮರದ ಜಾತಿಯದೇ ಆದ ಹೆಮ್ಮರವೊಂದು ಅಲ್ಲಿ ಕೊಂಬೆ ಚಾಚಿ ನಿಂತಿದೆ. ಅದೇ ಆವರಣದಲ್ಲಿ ಇಬ್ಬರ ಎದೆಮಟ್ಟದ ಪ್ರತಿಮೆಗಳಿವೆ: ಒಬ್ಬರು ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್, ಇನ್ನೊಬ್ಬರು ಕವಿ ಡೆರೆಕ್ ವಾಲ್ಕಾಟ್. ಫ್ರೆಂಚರ ಕಾಲದಲ್ಲಿ ಇದು ಸೈನಿಕರ ಕವಾಯತಿನ ಮೈದಾನ. ಮುಂದೆ ಕೊಲಂಬಸ್ ಚೌಕವಾಯಿತು. 1993ರಲ್ಲಿ ವಾಲ್ಕಾಟರ ಹೆಸರು ಪಡೆಯಿತು.

ಕೊಲಂಬಸ್ ಈ ದ್ವೀಪದಲ್ಲಿ ಕಾಲಿಟ್ಟಿದ್ದಕ್ಕೆ ಪುರಾವೆಯೇ ಇಲ್ಲ. ದ್ವೀಪದ ಹೆಸರು ಇಟಲಿಯ ಸಿರಾಕ್ಯೂಸ್ ಊರಿನ ಸಂತಳದ್ದು. 1814ರಲ್ಲಿ ಬ್ರಿಟಿಷರ ಪಾಲಿಗೆ ಖಾಯಂ ಆಗುವವರೆಗೆ ಈ ನೆಲ ಫ್ರೆಂಚರ ಮತ್ತು ಬ್ರಿಟಿಷರ ನಡುವೆ ಹದಿನಾಲ್ಕು ಸಲ ಕೈ ಬದಲಾಯಿಸಿತೆಂದು ಅಲ್ಲಿಯ ಮಕ್ಕಳು ಶಾಲೆಯಲ್ಲೇ ಕಲಿಯುತ್ತಾರೆ. ಮೂಲನಿವಾಸಿಗಳ 'ಹೆವನೋರಾ' ಎಂಬ ಹೆಸರು ಇಂದು ವಿಮಾನ ನಿಲ್ದಾಣದ ಫಲಕದಲ್ಲಿ ಉಳಿದುಕೊಂಡಿದೆ. ಹೀಗೆ ಊರುಕೇರಿಗಳ ಮೇಲೆ ಪರರ ಹೆಸರುಗಳನ್ನೇ ಹೊತ್ತು ಬಂದ ಜನರಿಗೆ ತಮ್ಮವರೊಬ್ಬರ ಹೆಸರನ್ನು ಬರೆಯುವುದು ಬರೀ ಗೌರವಾರ್ಪಣೆಯಲ್ಲ, ಹಕ್ಕಿನ ಸ್ಥಾಪನೆ ಎಂದೇ ನನ್ನ ತಿಳಿವಳಿಕೆ.

ದೇಶ ಸ್ವತಂತ್ರವಾದದ್ದು 1979ರ ಫೆಬ್ರವರಿ 22ರಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಲೂಯಿಸರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಏಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಅವರು ಹದಿನಾಲ್ಕಕ್ಕೆ ಶಾಲೆ ಮುಗಿಸಿದ್ದರು. ವಿದ್ಯಾರ್ಥಿವೇತನದ ಪರೀಕ್ಷೆಗೆ ವಯಸ್ಸು ಸಾಲದೆ ಕೃಷಿ ಇಲಾಖೆಯಲ್ಲಿ ಗುಮಾಸ್ತರಾಗಿ ಟೈಪಿಂಗ್, ಕಡತ ಜೋಡಣೆ ಕಲಿಯುತ್ತ ಕಾದರು. ಇಂಜಿನಿಯರ್ ಆಗಬೇಕೆಂಬ ಆಸೆಯಿತ್ತು. ಆದರೆ ವಸಾಹತು ಸರ್ಕಾರವಾಗಲಿ ಕಬ್ಬಿನ ತೋಟಗಳ ಒಡೆಯರಾಗಲಿ ಕಪ್ಪು ಇಂಜಿನಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. 1992ರಲ್ಲಿ ವಾಲ್ಕಾಟರಿಗೆ ಸಾಹಿತ್ಯದ ನೊಬೆಲ್ ಬಂತು. 1915ರಲ್ಲಿ ಹುಟ್ಟಿದ ಲೂಯಿಸರಿಗೂ 1930ರಲ್ಲಿ ಹುಟ್ಟಿದ ವಾಲ್ಕಾಟರಿಗೂ ಜನ್ಮದಿನ ಒಂದೇ, ಜನವರಿ 23. ಕಾಕತಾಳೀಯವಾದ ಆ ದಿನದ ಸುತ್ತ ದ್ವೀಪವು ಪ್ರತಿವರ್ಷ ನೊಬೆಲ್ ಪುರಸ್ಕೃತರ ಉತ್ಸವವನ್ನು ನಡೆಸುತ್ತದೆ. ಪೂರ್ವ ಕೆರಿಬಿಯನ್ನಿನ ನೂರು ಡಾಲರ್ ನೋಟಿನ ಮೇಲೆ ಲೂಯಿಸರ ಮುಖವಿದೆ.

ಇಷ್ಟಾದರೂ ಇಬ್ಬರೂ ಬದುಕಿನ ಬಹುಭಾಗವನ್ನು ಹೊರಗೇ ಕಳೆದವರು. ಪ್ರತಿಭೆಯುಳ್ಳ ಹುಡುಗನಿಗೆ ಓದಲು ಹಡಗು ಹತ್ತುವುದೊಂದೇ ದಾರಿಯಾಗಿದ್ದ ಕಾಲವದು. ಅವರು ಮರಳಿದ್ದು ಮಣ್ಣಿಗೆ: ಇಬ್ಬರ ಸಮಾಧಿಯೂ ಕ್ಯಾಸ್ಟ್ರೀಸಿನ ಮೇಲಣ ಮಾರ್ನ್ ಫಾರ್ಚೂನ್ ಗುಡ್ಡದಲ್ಲಿದೆ, ಯಾವುದಕ್ಕಾಗಿ ಫ್ರೆಂಚರೂ ಬ್ರಿಟಿಷರೂ ಕಾದಾಡಿದ್ದರೋ ಅದೇ ಗುಡ್ಡದಲ್ಲಿ.

ಇಂಗ್ಲಿಷಿನಲ್ಲಿ ಬರೆದ, ಕ್ಯಾಥೊಲಿಕ್ ದ್ವೀಪದಲ್ಲಿ ಪ್ರಾಟೆಸ್ಟಂಟ್ ಪಂಗಡವಾದ ಮೆಥಡಿಸ್ಟ್ ಮನೆಯಿಂದ ಬಂದ ಕವಿಯೊಬ್ಬನು, ಮನೆಯಲ್ಲಿ ಫ್ರೆಂಚ್ ಮೂಲದ ಕ್ವೇಯೋಲ್ ಆಡುವ ಎಲ್ಲರನ್ನೂ ಪ್ರತಿನಿಧಿಸಬಲ್ಲನೇ ಎಂಬ ಪ್ರಶ್ನೆ ಸಹಜವಾದದ್ದು. ವಾಲ್ಕಾಟರು ತಮ್ಮ ದೀರ್ಘಕಾವ್ಯದಲ್ಲಿ ಅಲ್ಲಿಯ ಮೀನುಗಾರರನ್ನೇ ನಾಯಕರನ್ನಾಗಿಸಿದರು, ನಿಜ. ಆದರೂ ಆ ಭಾಷೆಗೆ ತನ್ನದೇ ದನಿ ಬೇಕಿತ್ತು. 2000ದಲ್ಲಿ 'ಡೇಮ್' ಎಂಬ ಬ್ರಿಟಿಷ್ ಗೌರವ ಪದವಿ ಪಡೆದ ಜಾನಪದ ಗಾಯಕಿ ಸೆಸೆನ್ ಡೆಕಾರ್ಟ್ ಆ ದನಿಯಾದರು. ತಮ್ಮವರ ಹೆಸರಿಡುವ ಕೆಲಸವೂ ಮುಂದುವರಿಯಿತು: 2016ರಲ್ಲಿ ಸೇಂಟ್ ಲೂಸಿಯಾದವನೇ ಆದ ಡ್ಯಾರೆನ್ ಸಾಮಿ ನಾಯಕತ್ವದ ವೆಸ್ಟ್ ಇಂಡೀಸ್ ತಂಡ ಟಿ20 ವಿಶ್ವಕಪ್ ಗೆದ್ದಾಗ, ಹಿಂದಿನ ವರ್ಷವಷ್ಟೇ ಬೆಂಗಳೂರಿನ ಐಪಿಎಲ್ ತಂಡಕ್ಕೆ ಆಡಿದ್ದ ಆತನ ಹೆಸರನ್ನು ದ್ವೀಪದ ಕ್ರಿಕೆಟ್ ಮೈದಾನಕ್ಕೆ ಇಡಲಾಯಿತು.

2024ರ ಆಗಸ್ಟ್ 3ರಂದು ಪ್ಯಾರಿಸಿನ ಒದ್ದೆ ಟ್ರ್ಯಾಕಿನಲ್ಲಿ ಓಟಗಾರ್ತಿ ಜೂಲಿಯನ್ ಆಲ್ಫ್ರೆಡ್ ನೂರು ಮೀಟರನ್ನು 10.72 ಸೆಕೆಂಡುಗಳಲ್ಲಿ ಓಡಿ ದೇಶಕ್ಕೆ ಮೊದಲ ಒಲಿಂಪಿಕ್ ಪದಕವನ್ನು, ಅದೂ ಚಿನ್ನವನ್ನೇ, ತಂದರು. ಅವರೂ ಎಳೆಯ ವಯಸ್ಸಿನಲ್ಲೇ ತರಬೇತಿಗೆಂದು ಜಮೈಕಾಕ್ಕೆ ಹೊರಟವರು. ಗೆದ್ದ ಮೇಲೆ ಅವರು ನೆನೆದದ್ದು ಬರಿಗಾಲಲ್ಲಿ, ಶಾಲಾ ಸಮವಸ್ತ್ರದಲ್ಲೇ ಓಡುತ್ತಿದ್ದ ದಿನಗಳನ್ನು, ಸರಿಯಾದ ಸೌಕರ್ಯವಿಲ್ಲದ ಮೈದಾನಗಳನ್ನು. ಅವರ ಹುಡುಗಿತನದ ದಿನಗಳಲ್ಲಿ ದೇಶದ ರಾಷ್ಟ್ರೀಯ ಕ್ರೀಡಾಂಗಣ ಆಸ್ಪತ್ರೆಯಾಗಿತ್ತು. 2009ರಲ್ಲಿ ದಕ್ಷಿಣದ ಸೇಂಟ್ ಜೂಡ್ ಆಸ್ಪತ್ರೆ ಬೆಂಕಿಗೆ ತುತ್ತಾದ ಮೇಲೆ ರೋಗಿಗಳ ಹಾಸಿಗೆಗಳು ಅಲ್ಲಿಗೆ ಬಂದಿದ್ದವು, ಮತ್ತು ಹತ್ತು ವರ್ಷ ಕಳೆದರೂ ಅಲ್ಲೇ ಇದ್ದವು.