ಉಪ್ಪಿನ ಅಣು ಎಲ್ಲಿದೆ?

ಧಾತು, ಅಣು, ಸಂಯುಕ್ತ. ಪಠ್ಯಪುಸ್ತಕದಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಕೂತಿರುವುದರಿಂದ ಇವನ್ನು ಮೆಟ್ಟಿಲುಗಳೆಂದು ಭಾವಿಸಿಬಿಡುತ್ತೇವೆ: ಧಾತು ಕೂಡಿ ಅಣು, ಅಣು ಕೂಡಿ ಸಂಯುಕ್ತ. ಗೊಂದಲದ ಬೇರು ಇರುವುದೇ ಇಲ್ಲಿ. ಒಂದು ವಸ್ತುವಿನಲ್ಲಿ ಎಷ್ಟು ಬಗೆಯ ಪರಮಾಣುಗಳಿವೆ ಎಂದು ಕೇಳಿದಾಗ ಬರುವ ಉತ್ತರ ಧಾತು ಅಥವಾ ಸಂಯುಕ್ತ. ಒಂದೇ ಬಗೆಯಿದ್ದರೆ ಧಾತು. ಎರಡೋ ಮೂರೋ ಬಗೆಯವು ನಿಗದಿತ ಪ್ರಮಾಣದಲ್ಲಿ ಬೆಸೆದುಕೊಂಡಿದ್ದರೆ ಸಂಯುಕ್ತ. ಆ ಪರಮಾಣುಗಳು ಹೇಗೆ ಗುಂಪು ಕಟ್ಟಿವೆ ಎಂಬುದು ಬೇರೆಯದೇ ಪ್ರಶ್ನೆ. ಅಣು ಅದಕ್ಕೆ ಸೇರಿದ ಮಾತು.

ಆಮ್ಲಜನಕ ಧಾತು. ಆದರೆ ಗಾಳಿಯಲ್ಲಿ ಅದು ಎರಡೆರಡು ಪರಮಾಣುಗಳ ಜೋಡಿಯಾಗಿ, ಅಂದರೆ ಅಣುವಾಗಿ ಇರುತ್ತದೆ. ಮೂರು ಸೇರಿದರೆ ಓಜೋನ್. ಧಾತು ಅದೇ, ಗುಣ ಬೇರೆ. ಗಂಧಕದ್ದು ಎಂಟು ಪರಮಾಣುಗಳ ಉಂಗುರ. ಹೀಲಿಯಂ ಆದರೋ ಒಂಟಿ ಸಂಚಾರಿ.

ಈ ಜೋಡಿಯ ಕತೆಯನ್ನು ವಿಜ್ಞಾನಿಗಳೇ ಸುಲಭವಾಗಿ ಒಪ್ಪಲಿಲ್ಲ. ಗಾತ್ರದ ಲೆಕ್ಕದಲ್ಲಿ ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ ಕೂಡಿದರೆ ಎರಡು ಪಾಲು ನೀರಾವಿ ಸಿಗುತ್ತದೆ. ಸಮಾನ ಗಾತ್ರದ ಅನಿಲಗಳಲ್ಲಿ ಕಣಗಳ ಸಂಖ್ಯೆಯೂ ಸಮಾನವೆಂದರೆ, ಆಮ್ಲಜನಕದ ಪ್ರತಿ ಕಣವೂ ಎರಡು ಹೋಳಾಗಿರಬೇಕು ತಾನೇ? 1811ರಲ್ಲಿ ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೇಳಿದ್ದು ಇದನ್ನೇ: ಆ ಕಣ ಎರಡು ಪರಮಾಣುಗಳ ಜೋಡಿ. ಒಂದೇ ಬಗೆಯ ಪರಮಾಣುಗಳು ಪರಸ್ಪರ ದೂರ ತಳ್ಳುತ್ತವೆ ಎಂದು ನಂಬಿದ್ದ, ಪರಮಾಣು ಸಿದ್ಧಾಂತದ ಡಾಲ್ಟನ್‌ಗೆ ಅದು ಹಿಡಿಸಲಿಲ್ಲ. ಅವರ ಪ್ರಕಾರ ನೀರೆಂದರೆ ಒಂದು ಜಲಜನಕ, ಒಂದು ಆಮ್ಲಜನಕ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ರಸಾಯನಶಾಸ್ತ್ರಜ್ಞ ಕ್ಯಾನಿಜಾರೊ ವಾದ ಮಂಡಿಸಿದ ಮೇಲಷ್ಟೇ ಅವೊಗಾಡ್ರೊ ಮಾತಿಗೆ ಬೆಲೆ ಬಂತು. ಅಷ್ಟರಲ್ಲಿ ಅವರೂ ಇರಲಿಲ್ಲ, ಡಾಲ್ಟನ್ನೂ ಇರಲಿಲ್ಲ.

ನೀರು ಸಂಯುಕ್ತವೂ ಹೌದು, ಅಣುಗಳಿಂದಾದದ್ದೂ ಹೌದು. ಎಲ್ಲ ಸಂಯುಕ್ತಗಳೂ ಹೀಗೆಯೇ ಎಂದುಕೊಂಡವರಿಗೆ ಕಾಲು ತೊಡರುವುದು ಉಪ್ಪಿನಲ್ಲಿ. 1913ರ ಸುಮಾರಿಗೆ ಭೌತವಿಜ್ಞಾನಿಗಳಾದ ಬ್ರ್ಯಾಗ್ ತಂದೆ-ಮಗ ಉಪ್ಪಿನ ಹರಳಿಗೆ ಎಕ್ಸ್-ಕಿರಣ ಹಾಯಿಸಿ ನೋಡಿದರೆ, ಸೋಡಿಯಂ-ಕ್ಲೋರಿನ್ ಜೋಡಿಗಳ ಸುಳಿವೇ ಇಲ್ಲ! ಪ್ರತಿ ಸೋಡಿಯಂ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣುವಿನ) ಸುತ್ತ ಆರು ಕ್ಲೋರೈಡ್, ಅಂದರೆ ಕ್ಲೋರಿನ್ ಅಯಾನು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ, ಹರಳಿನ ಅಂಚಿನವರೆಗೂ ಇದೇ ಸಾಲು. ಯಾರಿಗೆ ಯಾರು ಜೊತೆ ಎಂದು ಹೇಳುವಂತಿಲ್ಲ. ಸೂತ್ರದಲ್ಲಿ (NaCl) ಬರೆಯುವ ಒಂದಕ್ಕೊಂದು ಎಂಬುದು ಬರೀ ಲೆಕ್ಕಾಚಾರ.

ಹಳೆಯ ತಲೆಮಾರಿಗೆ ಇದು ನುಂಗಲಾರದ ತುತ್ತಾಯಿತು. ಎಂಬತ್ತರ ಹೊಸ್ತಿಲಲ್ಲಿದ್ದ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದು, ಉಪ್ಪನ್ನು ಚದುರಂಗದ ಹಾಸು ಮಾಡಿದ್ದಕ್ಕೆ ಸಿಡುಕಿದರು. ನನಗೆ ಅವರ ಮೇಲೆ ಸ್ವಲ್ಪ ಕನಿಕರವಿದೆ. ಏಕೆಂದರೆ ಅವರು ಹುಡುಕುತ್ತಿದ್ದ ಉಪ್ಪಿನ ಅಣು ಪೂರ್ತಿ ಸುಳ್ಳೇನಲ್ಲ. ಉಪ್ಪನ್ನು 1400 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕುದಿಸಿದರೆ, ಏಳುವ ಆವಿಯಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಕೈಹಿಡಿದ ಜೋಡಿಗಳು ನಿಜಕ್ಕೂ ಹಾರಾಡುತ್ತವೆ.